ಕತ್ತರಿ ಎತ್ತಿ ಕೊಡೋದಕ್ಕೆ ಒಂದು ವರ್ಷದ ಓದೇ?



ಈ ಸಲ ಬಂದ ಕಾಗದಗಳ ಕಟ್ಟಿನಲ್ಲಿ ಒಂದು ಬೇರೆ ತರಹದ್ದು. ಈ ಅಂಕಣಕ್ಕೆ ಸಾಮಾನ್ಯವಾಗಿ ಸೊಸೆಯಂದಿರು ಅತ್ತೆಯರ ಮೇಲೆ ದೂರು ಬರೆಯುತ್ತಾರೆ. ಇದು ಅತ್ತೆ ಬರೆದ ಕಾಗದ. ದೂರೂ ಅಲ್ಲ, ಮನಸ್ಸಿನ ಗೊಂದಲ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ ಎಂದಷ್ಟೇ ಹೇಳುತ್ತೇನೆ. ಕಾಗದದ ಸಾರ ಹೀಗಿದೆ:

"ನನ್ನ ಸೊಸೆ ಜಿ.ಎನ್.ಎಂ. ನರ್ಸಿಂಗ್ ಓದಿದವಳು. ಮದುವೆಯಾಗಿ ಎರಡು ವರ್ಷ. ನಮ್ಮೂರ ನರ್ಸಿಂಗ್ ಹೋಮಿನಲ್ಲಿ ಕೆಲಸ, ಅದೂ ಆಪರೇಷನ್ ಥಿಯೇಟರಿನಲ್ಲೇ. ಈಗ ದೊಡ್ಡ ಊರಿಗೆ ಹೋಗಿ ಅದೇ ಥಿಯೇಟರ್ ಕೆಲಸದ ಮೇಲೆ ಇನ್ನೊಂದು ವರ್ಷ ಓದ್ತೀನಿ ಅಂತಾಳೆ. ಮಗ 'ಅಮ್ಮ ಹೂಂ ಅಂದ್ರೆ ಆಯ್ತು' ಅಂತ ನನ್ನ ತಲೆಗೆ ಕಟ್ಟಿದ್ದಾನೆ. ಹುಡುಗಿ ಒಳ್ಳೆಯವಳು, ಅವಳ ಮೇಲೆ ನನಗೇನೂ ಬೇಜಾರಿಲ್ಲ. ಆದರೆ ಕೊಯ್ಯೋರು ಡಾಕ್ಟರು, ಹೊಲಿಯೋರು ಡಾಕ್ಟರು. ಕತ್ತರಿ ಎತ್ತಿ ಕೊಡೋದಕ್ಕೆ ಒಂದು ವರ್ಷ ಓದಬೇಕಾ? ಮೊಮ್ಮಗು ನೋಡೋ ಆಸೆ ನನಗೆ. ನೆಂಟರು ಏನಂತಾರೋ. ನೀವೇ ಹೇಳಿ."

ಸೋದರಿ, ನಿಮ್ಮ ಪ್ರಶ್ನೆ ಒರಟಾಗಿದೆ, ಆದರೆ ಪ್ರಾಮಾಣಿಕವಾಗಿದೆ. ನಮ್ಮಲ್ಲಿ ಎಷ್ಟೋ ಮಂದಿಯ ಮನಸ್ಸಿನಲ್ಲಿ ಇದೇ ಇದೆ. ಯಾಕೆಂದರೆ ಆಪರೇಷನ್ ಆಗುವಾಗ ನಾವು ಒಂದೋ ಹೊರಗೆ ಬೆಂಚಿನ ಮೇಲೆ ಕುಳಿತು ದೇವರಿಗೆ ಹರಕೆ ಹೊತ್ತುಕೊಳ್ಳುತ್ತಿರುತ್ತೇವೆ, ಇಲ್ಲವೇ ಒಳಗೆ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿರುತ್ತೇವೆ. ಎರಡೂ ಕಡೆಯಿಂದ ಕಾಣುವುದು ಡಾಕ್ಟರು ಮಾತ್ರ. ನಡುವೆ ನಡೆದದ್ದು ಕಾಣುವುದಿಲ್ಲ. ಇವತ್ತು ಆ ನಡುವಿನ ಕೆಲಸವನ್ನೇ ಸ್ವಲ್ಪ ನೋಡೋಣ.

ಇದು ಯಾರದೋ ಮನೆಯ ವಿಚಾರ ಎಂದು ಪುಟ ತಿರುಗಿಸಬೇಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರು ಹೆರಿಗೆಗಳಲ್ಲಿ 21.5 ಸಿಸೇರಿಯನ್. ಅಂದರೆ ಐದು ಬಾಣಂತಿಯರಲ್ಲಿ ಒಬ್ಬರಾದರೂ ಥಿಯೇಟರಿನ ಬಾಗಿಲು ದಾಟಿ ಬಂದವರೇ. ಇನ್ನು ಗರ್ಭಕೋಶ, ಕಣ್ಣಿನ ಪೊರೆ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು! ಯಾವ ಮನೆಗೆ ತಪ್ಪಿದೆ ಹೇಳಿ?

ಒಳಗೆ ಯಾರು ಯಾರು?

ಥಿಯೇಟರಿನಲ್ಲಿ ನರ್ಸ್ ಎಂದರೆ ಒಂದೇ ಕೆಲಸ ಅಲ್ಲ. ಕೈ ತೊಳೆದು, ಗೌನು ತೊಟ್ಟು, ಡಾಕ್ಟರ ಎದುರಿಗೆ ನಿಂತು ಸಾಮಾನು ಕೊಡುವವಳು ಸ್ಕ್ರಬ್ ನರ್ಸ್. ನೀವು ಹೇಳಿದ ಕತ್ತರಿಯ ಕೆಲಸ ಇವಳದು. ಕೋಣೆಯೊಳಗೆ ಓಡಾಡುತ್ತಾ ಬೇಕಾದ್ದನ್ನು ತೆರೆದು ಕೊಡುವ, ಬರೆದಿಡುವ, ರೋಗಿಯ ಕೈಕಾಲು ಸರಿಯಾಗಿವೆಯೇ ಎಂದು ನೋಡುವ ಇನ್ನೊಬ್ಬಳು ಸರ್ಕ್ಯುಲೇಟಿಂಗ್ ನರ್ಸ್. ಅರಿವಳಿಕೆ ಡಾಕ್ಟರಿಗೆ ಸಹಾಯಕ್ಕೆ ಒಬ್ಬರು. ಆಪರೇಷನ್ ಮುಗಿದ ಮೇಲೆ ಎಚ್ಚರ ಬರುವವರೆಗೆ ಉಸಿರು, ನಾಡಿ, ರಕ್ತದೊತ್ತಡ ನೋಡುತ್ತಾ ಪಕ್ಕದಲ್ಲೇ ನಿಲ್ಲುವವರು ಒಬ್ಬರು. ಆಪರೇಷನ್ನಿಗೆ ಮುಂಚೆ, ಆಗುವಾಗ, ಆದಮೇಲೆ ಎಂಬ ಈ ಮೂರೂ ಹೊತ್ತಿನ ಶುಶ್ರೂಷೆ ಸೇರಿದರೇ ಆ ವಿದ್ಯೆ ಪೂರ್ತಿ. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಈ ನಾಲ್ಕೂ ಕೆಲಸ ಒಬ್ಬಳೋ ಇಬ್ಬರೋ ಹುಡುಗಿಯರ ತಲೆಯ ಮೇಲೆ ಬೀಳುವುದುಂಟು. ನಿಮ್ಮ ಸೊಸೆಯದೂ ಅದೇ ಪಾಡಿರಬಹುದು, ಒಮ್ಮೆ ಕೇಳಿ ನೋಡಿ.

ಥಿಯೇಟರಿನ ಮಡಿ

ನಮ್ಮ ಅಜ್ಜಿಯಂದಿರ ಮಡಿ ನೆನಪಿದೆಯೇ? ಮಡಿಯಲ್ಲಿ ಅಡಿಗೆ ಮಾಡುವಾಗ ಮೊಮ್ಮಗು ಓಡಿ ಬಂದು ಸೆರಗು ಹಿಡಿದರೆ ಮುಗಿಯಿತು, ಮತ್ತೆ ಸ್ನಾನ. ಥಿಯೇಟರಿನ ಮಡಿ ಅದಕ್ಕಿಂತ ಬಿಗಿ. ಸ್ಕ್ರಬ್ ನರ್ಸ್ ಕೆಲವು ನಿಮಿಷಗಳ ಕಾಲ ಬೆರಳ ಸಂದು, ಉಗುರು, ಮುಂಗೈಯೆಲ್ಲ ಕ್ರಮವಾಗಿ ತೊಳೆಯುತ್ತಾಳೆ. ಕೈಯನ್ನು ಮೇಲೆತ್ತಿಯೇ ಹಿಡಿಯಬೇಕು. ನೀರು ಬೆರಳ ತುದಿಯಿಂದ ಮೊಣಕೈ ಕಡೆಗೆ ಇಳಿಯಬೇಕು, ಮೊಣಕೈಯಿಂದ ಬೆರಳಿಗೆ ಬರಬಾರದು. ಗೌನು ತೊಟ್ಟಮೇಲೆ ಎದೆಯಿಂದ ಸೊಂಟದವರೆಗೆ ಮುಂಭಾಗ ಮಾತ್ರ ಶುದ್ಧ. ಬೆನ್ನು ಶುದ್ಧವಲ್ಲ. ಮೇಜಿನ ಅಂಚಿನಿಂದ ಕೆಳಗೆ ಜೋತುಬಿದ್ದ ಬಟ್ಟೆ ಶುದ್ಧವಲ್ಲ. ಹಾಸಿದ ಬಟ್ಟೆ ಒದ್ದೆಯಾಗಿ ನೀರು ಒಳಕ್ಕೆ ಇಳಿದರೆ ಅದೂ ಮೈಲಿಗೆಯೇ, ಯಾಕೆಂದರೆ ಆ ತೇವದ ಮೂಲಕ ಕ್ರಿಮಿ ಮೇಲಕ್ಕೆ ಬರುತ್ತದೆ.

ಆ ಮಡಿಗೂ ಈ ಮಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದು ಹುಟ್ಟನ್ನು ನೋಡುತ್ತಿತ್ತು, ಇದು ಕೈ ತೊಳೆದ ರೀತಿಯನ್ನು ನೋಡುತ್ತದೆ. ದೊಡ್ಡ ಸರ್ಜನ್ನರ ಕೈ ಮೇಜಿನ ಕೆಳಗೆ ತಾಗಿದರೂ, "ಸರ್, ಗ್ಲೌಸು ಬದಲಾಯಿಸಿ" ಎಂದು ಹೇಳಬೇಕಾದವಳು ಇಪ್ಪತ್ತೈದು ವರ್ಷದ ಈ ಹುಡುಗಿ. ಹೇಳಿದರೆ ಬೈಸಿಕೊಳ್ಳಬಹುದು. ಹೇಳದಿದ್ದರೆ ಒಂದು ವಾರದ ಮೇಲೆ ಯಾರದೋ ಹೊಲಿಗೆಯಲ್ಲಿ ಕೀವು ತುಂಬುತ್ತದೆ. ಧೈರ್ಯವಾಗಿ ಹೇಳಬೇಕಾದರೆ, ಏಕೆ ಹೇಳುತ್ತಿದ್ದೇನೆ ಎಂಬುದು ಗಟ್ಟಿಯಾಗಿ ಗೊತ್ತಿರಬೇಕು. ಓದು ಬೇಕಾಗುವುದು ಇಲ್ಲೇ.

ಆ ಗ್ಲೌಸಿನ ಕಥೆಯೂ ಒಬ್ಬ ನರ್ಸಿನ ಕಥೆಯೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರಲ್ಲಿ ಕೆರೊಲಿನ್ ಹ್ಯಾಂಪ್ಟನ್ ಎಂಬಾಕೆ ಆಪರೇಷನ್ ಕೋಣೆಯ ಮುಖ್ಯ ನರ್ಸ್ ಆಗಿದ್ದರು. ಆಗ ಕ್ರಿಮಿ ಕೊಲ್ಲಲು ಪಾದರಸದ ಒಂದು ಲವಣದ ದ್ರಾವಣದಲ್ಲಿ ಕೈ ಅದ್ದಬೇಕಿತ್ತು. ಆಕೆಯ ಕೈಗಳ ಚರ್ಮ ಕೆರಳಿ ಕೆಟ್ಟುಹೋಯಿತು. ಅಲ್ಲಿನ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ರಬ್ಬರ್ ಕಂಪನಿಗೆ ಹೇಳಿ ಆಕೆಗಾಗಿ ತೆಳುವಾದ ಕೈಗವಸು ಮಾಡಿಸಿಕೊಟ್ಟರು. 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತು. ನರ್ಸಿನ ಕೈ ಉಳಿಸಲು ಬಂದ ಗ್ಲೌಸು ಕ್ರಮೇಣ ರೋಗಿಯ ಪ್ರಾಣ ಉಳಿಸುವ ಸಾಧನವೂ ಆಯಿತು.

ಎಣಿಸುವ ಕೆಲಸ

ಆಪರೇಷನ್ ಆಗುವಾಗ ರಕ್ತ ಒರೆಸಲು ಗಾಜ್ ಬಟ್ಟೆಯ ತುಂಡುಗಳನ್ನು ಬಳಸುತ್ತಾರೆ. ರಕ್ತದಲ್ಲಿ ನೆನೆದ ಬಟ್ಟೆ ಹೊಟ್ಟೆಯೊಳಗೆ ಕಣ್ಣಿಗೇ ಕಾಣುವುದಿಲ್ಲ, ಮಾಂಸದ ಬಣ್ಣವೇ ಆಗಿರುತ್ತದೆ. ಅದೊಂದು ಒಳಗೇ ಉಳಿದುಬಿಟ್ಟರೆ? ನೋವು, ಜ್ವರ, ಕೀವು, ಮತ್ತೊಂದು ಆಪರೇಷನ್. ಕೆಲವೊಮ್ಮೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾರಣವೇ ತಿಳಿಯದೆ ಹೆಂಗಸು ನರಳುವುದೂ ಉಂಟು.

ಇದಕ್ಕೆ ಇರುವ ಮದ್ದು ಎಣಿಕೆ. ಶುರುವಾಗುವ ಮುಂಚೆ ಇಬ್ಬರು ಸೇರಿ, ಗಟ್ಟಿಯಾಗಿ ಬಾಯಿಬಿಟ್ಟು ಎಣಿಸಬೇಕು. ಬಟ್ಟೆ, ಸೂಜಿ, ಬ್ಲೇಡು, ಇಕ್ಕಳ ಎಲ್ಲ. ಹೊಟ್ಟೆಯೊಳಗಿನ ಪದರ ಮುಚ್ಚುವ ಮುಂಚೆ ಮತ್ತೆ ಎಣಿಸಬೇಕು. ಚರ್ಮ ಹೊಲಿಯುವಾಗ ಮತ್ತೆ. ಲೆಕ್ಕ ತಾಳೆಯಾಗದಿದ್ದರೆ ಹೊಲಿಗೆ ನಿಲ್ಲಬೇಕು. ನೆಲ, ಬಕೆಟ್ಟು, ಬಟ್ಟೆಯ ಮಡಿಕೆ ಎಲ್ಲ ಹುಡುಕಬೇಕು. ಸಿಗದಿದ್ದರೆ ಎಕ್ಸ್‌ರೇ. ಥಿಯೇಟರಿನಲ್ಲಿ ಬಳಸುವ ಗಾಜಿನಲ್ಲಿ ಎಕ್ಸ್‌ರೇಗೆ ಕಾಣುವ ಒಂದು ಎಳೆ ಇರಬೇಕೆನ್ನುವುದು ಇದಕ್ಕೇ.

ರಾತ್ರಿ ಎರಡು ಗಂಟೆ, ತುರ್ತು ಸಿಸೇರಿಯನ್, ಎಲ್ಲರಿಗೂ ಸುಸ್ತು, ಡಾಕ್ಟರಿಗೆ ಇನ್ನೊಂದು ಕಡೆ ಹೋಗುವ ಅವಸರ. ಲೆಕ್ಕದಲ್ಲಿ ಒಂದು ಬಟ್ಟೆ ಕಡಿಮೆ. "ಇರುತ್ತೆ ಬಿಡು ಎಲ್ಲೋ" ಎಂದು ಹೇಳುವವರೇ ಹೆಚ್ಚು. "ಇಲ್ಲ ಸರ್, ಒಂದು ಕಡಿಮೆ ಇದೆ, ಮುಚ್ಚಬೇಡಿ" ಎನ್ನಬೇಕಾದವಳು ನಿಮ್ಮ ಸೊಸೆ. ಸೋದರಿ, ಆ ಮೇಜಿನ ಮೇಲೆ ಮಲಗಿರುವವಳು ನಿಮ್ಮ ಮಗಳು ಎಂದುಕೊಳ್ಳಿ. ಆಗ ಕತ್ತರಿ ಎತ್ತಿ ಕೊಡುವವಳು ಎಷ್ಟು ಓದಿರಬೇಕು ಅನ್ನಿಸುತ್ತದೆ?

ಇನ್ನೂ ಇವೆ. ರಕ್ತ ಹೀರಿದ ಬಟ್ಟೆಯನ್ನು ತೂಗಿ ಎಷ್ಟು ರಕ್ತ ಹೋಯಿತೆಂದು ಅಂದಾಜು ಮಾಡುತ್ತಾರೆ. ಒಣ ಬಟ್ಟೆಗಿಂತ ಒಂದು ಗ್ರಾಂ ಹೆಚ್ಚಾದರೆ ಸುಮಾರು ಒಂದು ಮಿಲಿಲೀಟರ್ ರಕ್ತ. ಎದೆಯ ಗಂಟು ತೆಗೆದು ಪರೀಕ್ಷೆಗೆ ಕಳಿಸುವಾಗ ಸೀಸೆಯ ಮೇಲಿನ ಹೆಸರು ಅದಲುಬದಲಾದರೆ ಒಬ್ಬಳಿಗೆ ಇಲ್ಲದ ಕ್ಯಾನ್ಸರ್, ಇನ್ನೊಬ್ಬಳಿಗೆ ಇದ್ದ ಕ್ಯಾನ್ಸರ್ ಮುಚ್ಚಿಹೋಯಿತು. ಎರಡು ಗಂಟೆ ಕಾಲ ಕೈಯನ್ನು ಅತಿಯಾಗಿ ಹೊರಕ್ಕೆ ಚಾಚಿ ಕಟ್ಟಿದರೆ ಭುಜದ ನರ ಎಳೆದು, ಎದ್ದಮೇಲೆ ಕೈ ಎತ್ತಲಾಗದೆ ಹೋಗಬಹುದು. ಪ್ರಜ್ಞೆಯಿಲ್ಲದವಳು "ನೋಯ್ತಿದೆ" ಎಂದು ಹೇಳಲಾರಳು. ಅವಳ ಬದಲು ನೋಡುವ ಕಣ್ಣು ನರ್ಸಿನದು.

ಕುಕ್ಕರು ಮತ್ತು ಆಟೋಕ್ಲೇವ್

"ನೋಡಿ ನೋಡಿ ಕಲೀತಾಳಲ್ಲ, ಎರಡು ವರ್ಷದಿಂದ ಅದನ್ನೇ ಮಾಡ್ತಿದಾಳೆ" ಎಂದು ನೀವು ಕೇಳಬಹುದು. ಹಿರಿಯ ಸಿಸ್ಟರುಗಳ ಕೈಕೆಳಗೆ ಕಲಿಯುವುದು ದೊಡ್ಡ ಕಲಿಕೆಯೇ, ಅದನ್ನು ಹಗುರ ಮಾಡುವುದಿಲ್ಲ. ಆದರೆ ನೋಡಿ ಕಲಿತಾಗ "ಹೇಗೆ" ಎಂಬುದು ಬರುತ್ತದೆ, "ಏಕೆ" ಎಂಬುದು ಅನೇಕ ಸಲ ಬರುವುದಿಲ್ಲ.

ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರನ್ನೇ ತೆಗೆದುಕೊಳ್ಳಿ. ಬರಿಯ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಹಬೆಯನ್ನು ಒಳಗೇ ಒತ್ತಿ ಹಿಡಿದರೆ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ, ಬೇಳೆ ಬೇಗ ಬೇಯುತ್ತದೆ. ಆಪರೇಷನ್ ಸಾಮಾನು ಶುದ್ಧ ಮಾಡುವ ಆಟೋಕ್ಲೇವ್ ಇದೇ ಜಾತಿಯದು. ಅದರಲ್ಲಿ 121 ಡಿಗ್ರಿಯ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡುವುದು ಹಳೆಯ, ನಂಬಿಕೆಯ ಲೆಕ್ಕ. ಹೊಸ ಯಂತ್ರಗಳಲ್ಲಿ 134 ಡಿಗ್ರಿಗೆ ಏರಿಸಿ ಮೂರು ನಾಲ್ಕು ನಿಮಿಷದಲ್ಲಿ ಮುಗಿಸುತ್ತಾರೆ.

ಈಗ ಕುಕ್ಕರಿನಲ್ಲಿ ಪಾತ್ರೆಗಳನ್ನು ಒತ್ತಿ ಒತ್ತಿ ತುಂಬಿದರೆ ಏನಾಗುತ್ತದೆ? ವಿಸಿಲ್ ಸರಿಯಾಗಿಯೇ ಕೂಗುತ್ತದೆ, ತೆರೆದರೆ ನಡುವಿನದು ಬೆಂದಿರುವುದಿಲ್ಲ. ಆಟೋಕ್ಲೇವಿನಲ್ಲೂ ಬಟ್ಟೆಯ ಗಂಟನ್ನು ಬಿಗಿಯಾಗಿ ತುರುಕಿದರೆ ಹಬೆ ನಡುವಿಗೆ ಹೋಗುವುದಿಲ್ಲ. ಗಂಟಿನ ಹೊರಗೆ ಅಂಟಿಸಿದ ಪಟ್ಟಿ ಬಣ್ಣ ಬದಲಾಗಿರುತ್ತದೆ. ನೋಡಿ ಕಲಿತವಳು "ಪಟ್ಟಿ ಕಪ್ಪಾಗಿದೆ, ಆಯ್ತು" ಎನ್ನುತ್ತಾಳೆ. ಓದಿದವಳಿಗೆ ಗೊತ್ತು: ಹೊರಗಿನ ಪಟ್ಟಿ ಹೇಳುವುದು ಗಂಟು ಬಿಸಿ ಕಂಡಿದೆ ಎಂದು ಮಾತ್ರ, ಒಳಗೆ ಶುದ್ಧವಾಗಿದೆ ಎಂದಲ್ಲ. ಅದಕ್ಕೆ ಒಳಗೂ ಒಂದು ಸೂಚಕ ಇಡಬೇಕು. ಆಗಾಗ್ಗೆ ಬಿಸಿಗೆ ಸುಲಭವಾಗಿ ಸಾಯದ ಕ್ರಿಮಿಯ ಬೀಜಾಣುಗಳನ್ನಿಟ್ಟು, ಅವು ಸತ್ತವೇ ಎಂದು ಪರೀಕ್ಷೆ ಮಾಡಬೇಕು. ಒದ್ದೆಯಾಗಿ ಹೊರಬಂದ ಗಂಟನ್ನು ಬಳಸಲೇಬಾರದು. ಹೇಗೆ ಎಂಬುದಕ್ಕೂ ಏಕೆ ಎಂಬುದಕ್ಕೂ ಇರುವ ಅಂತರ ಇಷ್ಟೇ. ರೋಗಿಗೆ ಅಷ್ಟು ಸಾಕು.

ಒಂದು ಹಾಳೆ ಮಾಡಿದ ಕೆಲಸ

2008ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಸುರಕ್ಷತೆಗೆ ಒಂದು ಪಟ್ಟಿ ಹೊರತಂದಿತು. ಒಂದೇ ಹಾಳೆ, 19 ಅಂಶ. ಅರಿವಳಿಕೆ ಕೊಡುವ ಮುಂಚೆ ಒಮ್ಮೆ, ಕೊಯ್ಯುವ ಮುಂಚೆ ಒಮ್ಮೆ, ರೋಗಿ ಕೋಣೆ ಬಿಡುವ ಮುಂಚೆ ಒಮ್ಮೆ ಎಲ್ಲರೂ ನಿಂತು ಗಟ್ಟಿಯಾಗಿ ಓದಬೇಕು. ಇವರು ಯಾರು? ಯಾವ ಆಪರೇಷನ್? ಎಡವೋ ಬಲವೋ? ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ? ಸೋಂಕು ತಡೆಯುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಕೊಟ್ಟಿದೆಯೇ? ಎಣಿಕೆ ಸರಿಯೇ? ಸೀಸೆಯ ಮೇಲೆ ಹೆಸರಿದೆಯೇ? ಇಂಥ ಸಾದಾ ಪ್ರಶ್ನೆಗಳು. ಅನೇಕ ಕಡೆ ಇದನ್ನು ಓದಿ ಹೇಳುವವಳು ನರ್ಸೇ.

ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಫಲ 2009ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು. ದೊಡ್ಡ ತೊಂದರೆಗಳು ನೂರಕ್ಕೆ 11 ಇದ್ದದ್ದು 7ಕ್ಕೆ ಬಂತು. ಪಟ್ಟಿಯಲ್ಲಿ ಒಂದು ಸೊಗಸಾದ ಅಂಶ ಇದೆ: ಕೊಯ್ಯುವ ಮುಂಚೆ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು. ಒಮ್ಮೆ ಬಾಯಿಬಿಟ್ಟು ತನ್ನ ಹೆಸರು ಹೇಳಿದವಳಿಗೆ, ಆಮೇಲೆ ತಪ್ಪು ಕಂಡಾಗ ಬಾಯಿಬಿಡುವುದು ಸುಲಭವಾಗುತ್ತದೆ. ಅತ್ತೆಯಂದಿರಿಗೂ ಸೊಸೆಯಂದಿರಿಗೂ ಇದು ಗೊತ್ತಿರುವ ವಿಷಯವೇ, ಅಲ್ಲವೇ?

ಈ ಓದು ಯಾವುದು?

ನಿಮ್ಮ ಸೊಸೆ ಹೇಳುತ್ತಿರುವುದು ಬಹುಶಃ "ಪೋಸ್ಟ್ ಬೇಸಿಕ್ ಡಿಪ್ಲೊಮಾ ಇನ್ ಆಪರೇಷನ್ ರೂಮ್ ನರ್ಸಿಂಗ್". ಭಾರತೀಯ ನರ್ಸಿಂಗ್ ಕೌನ್ಸಿಲ್ ಇದಕ್ಕೆ ಪಠ್ಯಕ್ರಮ ಮಾಡಿದೆ. ಅವಧಿ ಒಂದು ವರ್ಷ. ನರ್ಸ್ ಎಂದು ನೋಂದಣಿ ಆಗಿರುವವರಿಗೆ ಮಾತ್ರ, ಅದೂ ಒಂದು ವರ್ಷದ ಕೆಲಸದ ಅನುಭವ ಇರುವವರಿಗೆ. ಜಿ.ಎನ್.ಎಂ. ಆಗಲಿ ಬಿ.ಎಸ್ಸಿ. ಆಗಲಿ, ಎರಡಕ್ಕೂ ಬಾಗಿಲು ತೆರೆದಿದೆ. ತರಗತಿಯ ಪಾಠ ಸ್ವಲ್ಪ, ಥಿಯೇಟರಿನಲ್ಲಿ ನಿಂತು ಮಾಡುವ ಕೆಲಸವೇ ಹೆಚ್ಚು. ಸಾಮಾನ್ಯ ಶಸ್ತ್ರಚಿಕಿತ್ಸೆ, ಹೆರಿಗೆ, ಮೂಳೆ, ಕಣ್ಣು, ಕಿವಿ ಮೂಗು ಗಂಟಲು, ಹೃದಯ, ಮಿದುಳು ಹೀಗೆ ಬೇರೆ ಬೇರೆ ಥಿಯೇಟರುಗಳಿಗೆ ಹಾಕುತ್ತಾರೆ. ಸೋಂಕು ತಡೆ, ಅರಿವಳಿಕೆಗೆ ಸಹಾಯ, ಎಚ್ಚರ ಬರುವಾಗಿನ ಆರೈಕೆ, ಸಾಮಾನು ಶುದ್ಧೀಕರಣ, ದಾಖಲೆ, ಕಾನೂನು ಎಲ್ಲ ಸೇರಿರುತ್ತದೆ. ನಿಮ್ಮೂರ ನರ್ಸಿಂಗ್ ಹೋಮಿನಲ್ಲಿ ಹತ್ತು ವರ್ಷ ಇದ್ದರೂ ಕಾಣದ ಬಗೆಬಗೆಯ ಆಪರೇಷನ್ ಅಲ್ಲಿ ಒಂದೇ ವರ್ಷದಲ್ಲಿ ಕಾಣುತ್ತದೆ.

ಇದನ್ನು ಎಂ.ಎಸ್ಸಿ. ನರ್ಸಿಂಗ್ ಜೊತೆ ಬೆರೆಸಬೇಡಿ. ಅದು ಎರಡು ವರ್ಷದ ಸ್ನಾತಕೋತ್ತರ ಪದವಿ. ಅದಕ್ಕೆ ಬಿ.ಎಸ್ಸಿ. ನರ್ಸಿಂಗ್ ಆಗಿರಬೇಕು, ಜಿ.ಎನ್.ಎಂ. ಆದವರು ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಬೇಕು. ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೆ ಆ ದಾರಿ. ಕೈಯಲ್ಲಿ ಕೆಲಸ ಪಳಗಬೇಕು ಎಂದರೆ ಈ ದಾರಿ. ಹಾಗೆಯೇ ಪಿ.ಯು.ಸಿ. ಆದವರು ಸೇರುವ ಆಪರೇಷನ್ ಥಿಯೇಟರ್ ಟೆಕ್ನಾಲಜಿ ಕೋರ್ಸು ಬೇರೆ. ಅದೂ ಒಳ್ಳೆಯ ಓದೇ, ಆದರೆ ಅದು ಟೆಕ್ನಿಶಿಯನ್ ತರಬೇತಿ, ನರ್ಸಿನದಲ್ಲ. ಹೆಸರು ಒಂದೇ ತರಹ ಇರುವುದರಿಂದ ಮೋಸಹೋಗುವವರುಂಟು.

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಹಟವೂ ಅಲ್ಲ. ಸ್ವೀಡನ್ ದೇಶದಲ್ಲಿ ಮೂರು ವರ್ಷದ ನರ್ಸಿಂಗ್ ಪದವಿ ಆದಮೇಲೆ ಆಪರೇಷನ್ ನರ್ಸ್ ಆಗಲು ವಿಶ್ವವಿದ್ಯಾಲಯದಲ್ಲಿ ಇನ್ನೂ ಒಂದು ವರ್ಷ ಓದಬೇಕು. ಅರಿವಳಿಕೆಯ ನರ್ಸಿಗೆ ಬೇರೆಯೇ ಒಂದು ವರ್ಷ.

ಹಣ ಕಟ್ಟುವ ಮುಂಚೆ

ಮಗನೂ ಸೊಸೆಯೂ ಕೂತು ಈ ಪ್ರಶ್ನೆಗಳಿಗೆ ಉತ್ತರ ತಿಳಿದುಕೊಳ್ಳಲಿ:

1. ಆ ವರ್ಷಕ್ಕೆ ಈ ಕೋರ್ಸಿಗೆ ಮಾನ್ಯತೆ ಇದೆಯೇ? ಆಸ್ಪತ್ರೆ ದೊಡ್ಡದು ಎಂದ ಮಾತ್ರಕ್ಕೆ ಕೋರ್ಸಿಗೆ ಮಾನ್ಯತೆ ಇರಬೇಕೆಂದಿಲ್ಲ. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಕಮಿಷನ್ ಕಾಯಿದೆಯೂ ಬಂದಿರುವುದರಿಂದ, ಸೇರುವ ಹೊತ್ತಿಗೆ ಮಾನ್ಯತೆ ಕೊಡುವ ಸಂಸ್ಥೆ ಯಾವುದು ಎಂದು ಕೇಳಿ, ಕಾಗದ ನೋಡಿ.

2. ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಚ್ಚಿನ ಅರ್ಹತೆ ಎಂದು ದಾಖಲಾಗುತ್ತದೆಯೇ?

3. ಮನೆಯಲ್ಲೇ ಕೂತು, ಅಂಚೆಯಲ್ಲಿ, ಫೋನಿನಲ್ಲಿ ಮುಗಿಸಬಹುದು ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಮಸ್ಕಾರ ಹೇಳಿ. ಥಿಯೇಟರಿನಲ್ಲಿ ನಿಲ್ಲದೆ ಈ ವಿದ್ಯೆ ಬರುವುದಿಲ್ಲ.

4. ದಿನಕ್ಕೆ ಎಷ್ಟು ಆಪರೇಷನ್ ಆಗುತ್ತವೆ, ಎಷ್ಟು ಬಗೆಯವು, ಕಲಿಸುವವರು ಯಾರು?

5. ಫೀಸು ಎಷ್ಟು, ತಿಂಗಳಿಗೆ ಏನಾದರೂ ಭತ್ಯೆ ಇದೆಯೇ, ಹಾಸ್ಟೆಲು ಇದೆಯೇ, ಮುಗಿದ ಮೇಲೆ ಇಷ್ಟು ವರ್ಷ ಇಲ್ಲೇ ದುಡಿಯಬೇಕು ಎಂಬ ಬಾಂಡ್ ಇದೆಯೇ? ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಯಲ್ಲೂ ಬಿಟ್ಟುಬರಬೇಡಿ.

6. ಈಗಿನ ನರ್ಸಿಂಗ್ ಹೋಮಿನವರನ್ನು ಕೇಳಿ: ಓದಿ ಬಂದರೆ ಸಂಬಳ ಎಷ್ಟು ಏರಿಸುತ್ತೀರಿ? ಇದನ್ನು ಬಾಯಿಬಿಟ್ಟು ಕೇಳಲೇಬೇಕು. ಸರ್ಟಿಫಿಕೇಟು ಗೋಡೆಗೆ ತೂಗುಹಾಕಿ ಸಂಬಳ ಹಳೆಯದೇ ಕೊಡುವ ಕಡೆಗಳೂ ಇವೆ. ಅವರು ಮಾತು ಕೊಡದಿದ್ದರೆ ಬೇರೆ ಆಸ್ಪತ್ರೆ ನೋಡುವ ಸ್ವಾತಂತ್ರ್ಯ ಅವಳಿಗೆ ಇರಲಿ.

ಮೊಮ್ಮಗು, ನೆಂಟರು, ಒಂದು ವರ್ಷ

ಮೊಮ್ಮಗುವಿನ ಆಸೆ ತಪ್ಪಲ್ಲ. ಆದರೆ ಅದನ್ನೂ ಇದನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಡಬೇಡಿ. ಮಗು ಯಾವಾಗ ಎಂಬುದು ಗಂಡ ಹೆಂಡಿರು ಮಾತಾಡಿಕೊಳ್ಳುವ ವಿಷಯ. ಇಷ್ಟು ಮಾತ್ರ ನಾನು ಹೇಳಬಲ್ಲೆ: ಥಿಯೇಟರಿನ ತರಬೇತಿ ಎಂದರೆ ಗಂಟೆಗಟ್ಟಲೆ ನಿಂತು ಮಾಡುವ ಕೆಲಸ, ರಾತ್ರಿ ಪಾಳಿ, ಎಕ್ಸ್‌ರೇ ಯಂತ್ರದ ಹತ್ತಿರದ ಕೆಲಸ. ಅದನ್ನು ಮಗುವಿಗೆ ಮೊದಲು ಮುಗಿಸಿಕೊಂಡರೆ ಅವಳಿಗೆ ಸುಲಭ. ಕೈಕೂಸು ಬಿಟ್ಟು ದೊಡ್ಡ ಊರಿನ ಹಾಸ್ಟೆಲಿನಲ್ಲಿ ಇರಬೇಕಾದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ, ಸಾಕಬೇಕಾದ ನಿಮಗೂ ಕಷ್ಟ.

ನೆಂಟರ ಮಾತು ಬಂತು. ನರ್ಸಿಂಗ್ ಎಂದರೆ ಮೂಗು ಮುರಿಯುವ ಕಾಲ ಒಂದಿತ್ತು. ರಕ್ತ ಮುಟ್ಟುವ ಕೆಲಸ, ಗಂಡಸರ ಮೈ ಮುಟ್ಟುವ ಕೆಲಸ, ರಾತ್ರಿ ಹೊರಗಿರುವ ಕೆಲಸ ಎಂದು. ಅದೇ ನೆಂಟರು ತಮ್ಮ ಮನೆಯಲ್ಲಿ ಆಪರೇಷನ್ ಇದ್ದಾಗ ಮೊದಲು ಫೋನು ಮಾಡುವುದು ಯಾರಿಗೆ? ನಿಮ್ಮ ಸೊಸೆಗೇ. "ಸ್ವಲ್ಪ ಒಳಗೆ ನೀನೇ ಇರು ಮಾರಾಯ್ತಿ" ಎಂದು. ಯಾರಾದರೂ ಕೇಳಿದರೆ, "ನಮ್ಮ ಸೊಸೆ ತರಬೇತಿಗೆ ಹೋಗಿದ್ದಾಳೆ" ಎಂದು ತಲೆ ಎತ್ತಿ ಹೇಳಿ. ನೀವು ಹೇಳುವ ಧಾಟಿಯನ್ನು ನೋಡಿಯೇ ಜನ ತಮ್ಮ ಧಾಟಿ ಇಟ್ಟುಕೊಳ್ಳುತ್ತಾರೆ.

ಇನ್ನು ಮನೆಗೆಲಸ. ಒಂದು ವರ್ಷ ಸೊಸೆ ಇಲ್ಲದಿದ್ದರೆ ಹೊರೆ ನಿಮ್ಮ ಮೇಲೆ ಬೀಳುತ್ತದೆ ಎಂಬುದು ನೀವು ಬರೆಯದೆ ಬಿಟ್ಟ ಮಾತು, ನನಗೆ ಅರ್ಥವಾಯಿತು. "ಅಮ್ಮ ಹೂಂ ಅಂದ್ರೆ ಆಯ್ತು" ಎಂದು ಜಾರಿಕೊಂಡ ಮಗನಿಗೆ ಒಂದು ಷರತ್ತು ಹಾಕಿ. ಬೆಳಿಗ್ಗೆಯ ತಿಂಡಿ, ಅವನ ಬಟ್ಟೆ, ವಾರದ ಸಂತೆ, ಈ ಮೂರೂ ಒಂದು ವರ್ಷ ಅವನದು. ಅವನು ಒಪ್ಪಿದರೆ ನೀವೂ ಹೂಂ ಎನ್ನಿ. ಒಪ್ಪದಿದ್ದರೆ ಅಡ್ಡಿ ಇರುವುದು ಅಮ್ಮನಲ್ಲಿ ಅಲ್ಲ ಎಂಬುದು ಸೊಸೆಗೂ ಗೊತ್ತಾಗಲಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕತ್ತರಿ ಎತ್ತಿ ಕೊಡಲು ಒಂದು ದಿನದ ಕಲಿಕೆ ಸಾಕು. ಯಾವಾಗ ಕೊಡಬಾರದು, ಯಾವಾಗ "ನಿಲ್ಲಿಸಿ" ಎನ್ನಬೇಕು ಎಂಬುದಕ್ಕೆ ಒಂದು ವರ್ಷ ಹೆಚ್ಚೇನೂ ಅಲ್ಲ. ಕಳಿಸಿಕೊಡಿ.

ನೀವೇ ಆಪರೇಷನ್ನಿಗೆ ಹೋಗುವಾಗ

ಥಿಯೇಟರಿನ ನರ್ಸುಗಳು ರೋಗಿಗಳಿಗೆ ಹೇಳುವ ಕೆಲವು ಮಾತುಗಳು, ಕತ್ತರಿಸಿ ಇಟ್ಟುಕೊಳ್ಳಿ:

* ಹೊಟ್ಟೆ ಖಾಲಿ ಇರಲಿ ಎಂದರೆ ಖಾಲಿಯೇ ಇರಬೇಕು. ಸಾಮಾನ್ಯ ನಿಯಮ: ಲಘು ಆಹಾರಕ್ಕೆ 6 ಗಂಟೆ, ಎಣ್ಣೆ ತುಪ್ಪದ ಊಟಕ್ಕೆ 8 ಗಂಟೆ, ಎದೆಹಾಲಿಗೆ 4 ಗಂಟೆ, ತಿಳಿ ನೀರಿಗೆ 2 ಗಂಟೆ ಮುಂಚೆ ನಿಲ್ಲಿಸಬೇಕು. ಹಾಲು ಹಾಕಿದ ಕಾಫಿ ತಿಳಿ ನೀರಲ್ಲ! "ಪಾಪ, ಒಂದು ಲೋಟ ಕಾಫಿ" ಎಂದು ಕದ್ದು ಕೊಡಬೇಡಿ. ಪ್ರಜ್ಞೆ ತಪ್ಪಿದಾಗ ಅದು ಹೊಟ್ಟೆಯಿಂದ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ನಿಮಗೆ ಡಾಕ್ಟರು ಬೇರೆ ಲೆಕ್ಕ ಹೇಳಿದ್ದರೆ ಅದೇ ನಡೆಯಲಿ.

* ಉಗುರು ಬಣ್ಣ ತೆಗೆಯಿರಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಸಾಧನವನ್ನು ಬೆರಳಿಗೇ ಸಿಕ್ಕಿಸುವುದು.

* ಬಳೆ, ಮೂಗುಬಟ್ಟು, ಕಾಲುಂಗುರ, ಸರ ಎಲ್ಲ ಮನೆಯವರ ಕೈಗೆ ಕೊಡಿ. ರಕ್ತ ನಿಲ್ಲಿಸಲು ವಿದ್ಯುತ್ ಬಳಸುತ್ತಾರೆ, ಲೋಹ ಇದ್ದರೆ ಚರ್ಮ ಸುಡುವ ಭಯ. ಬೆರಳು ಊದಿದರೆ ಉಂಗುರ ಬಿಗಿಯುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದವರು ಅರಿಶಿನದ ಕೊಂಬನ್ನು ದಾರದಲ್ಲಿ ಕಟ್ಟಿಕೊಳ್ಳುವ ನಮ್ಮ ಹಳೆಯ ಪದ್ಧತಿ ಇದೆಯಲ್ಲ, ಅದು ಆಗಬಹುದೇ ಎಂದು ಸಿಸ್ಟರನ್ನು ಮುಂಚಿತವಾಗಿ ಕೇಳಿ.

* ಕೂದಲು ತೆಗೆಯಲು ಮನೆಯಲ್ಲಿ ರೇಜರ್ ಹಚ್ಚಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಕ್ರಿಮಿ ಸೇರುತ್ತದೆ. ಅಗತ್ಯವಿದ್ದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರಿನಿಂದ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ.

* ಕಟ್ಟಿಸಿದ ಹಲ್ಲು, ಒಗ್ಗದ ಔಷಧಿ, ತಿನ್ನುತ್ತಿರುವ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬೇಡಿ.

* ಐದು ಜನ ಬಂದು ಐದು ಸಲ ನಿಮ್ಮ ಹೆಸರು ಕೇಳಿದರೆ ಸಿಡಿಮಿಡಿಗೊಳ್ಳಬೇಡಿ. ಕೇಳುವ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ.

ಮುಂದಿನ ಸಂಚಿಕೆಯಲ್ಲಿ, ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲ ವಾರ ಏನು ಊಟ ಕೊಡಬೇಕು ಎಂದು ಕೇಳಿರುವ ಸೋದರಿಯರಿಗೆ ಉತ್ತರಿಸುತ್ತೇನೆ. ನಿಮ್ಮ ಮನೆಯಲ್ಲೂ ನರ್ಸ್ ಕೆಲಸದ ಮಗಳೋ ಸೊಸೆಯೋ ಇದ್ದರೆ ನಾಲ್ಕು ಸಾಲು ಬರೆಯಿರಿ.

ನಿಮ್ಮ ಅಕ್ಕ